ವಾಯುಭಾರ ಕುಸಿತದ ವಾರ

ಮೈಕಿನ ಸ್ಪಂಜಿನ ಟೊಪ್ಪಿಗೆಯಿಂದ ಇವತ್ತು ಬೆಳ್ಳುಳ್ಳಿ ವಾಸನೆ ಬರ್ತಿದೆ, ಬೆಳಗಿನ ಆರೋಗ್ಯ ಕಾರ್ಯಕ್ರಮಕ್ಕೆ ಬಂದಿದ್ದ ಡಾಕ್ಟರದ್ದೇ ಇರಬೇಕು, ಮೈಕನ್ನು ಐಸ್‌ಕ್ರೀಮ್ ಥರ ಬಾಯಿಗೆ ಹತ್ತಿಸಿಕೊಂಡು ಮಾತಾಡೋರು ಅವರೊಬ್ಬರೇ, ಹೃದಯಕ್ಕೆ ಒಳ್ಳೇದು ಅಂತ ಊರಿಗೆಲ್ಲ ಹೇಳಿದ್ದನ್ನು ತಾವೂ ಪಾಲಿಸ್ತಾರೆ ಪಾಪ, ಈ ವಾಸನೆಗೆ ಮೂಗೊಡ್ಡಿಕೊಂಡು ನಾನೀಗ ಇಡೀ ಕರಾವಳಿಗೆ ಚಂಡಮಾರುತ ಬರ್ತಿದೆ ಅಂತ ಹೇಳಬೇಕು, ಅದೂ ಶಾಂತವಾಗಿ — ಶಾಂತವಾಗಿ ಅಂತ ರೇಡಿಯೋ ನಿಲಯದ ಸಾಹೇಬರು ಬೆಳಗಿನಿಂದ ಜಪ ಮಾಡ್ತಿದ್ದಾರೆ, ಜನ ಗಾಬರಿ ಆಗಬಾರದು ನೋಡಮ್ಮ, ಹಾಗಂತ ಆರಾಮಾಗೂ ಇರಬಾರದು, ಗಾಬರಿಗೂ ಆರಾಮಿಗೂ ನಡುವೆ ಎಲ್ಲಾದರೂ ಒಂದು ಕಡೆ ನಿಲ್ಲಿಸು ಅವರನ್ನ, ಆಯ್ತು ಸಾರ್, ನಿಲ್ಲಿಸ್ತೀನಿ, ಜನ ಏನು ಸೈಕಲ್ಲಾ ಸ್ಟ್ಯಾಂಡ್ ಹಾಕಿ ನಿಲ್ಲಿಸೋಕೆ, ಅನ್ನಲಿಲ್ಲ, ಅನ್ನಬೇಕು ಅಂತ ಬಾಯಿತನಕ ಬಂದಿತ್ತು, ಈ ವಾರವೆಲ್ಲ ನನ್ನ ಬಾಯಿತನಕ ಬಂದದ್ದು ಬಂದಲ್ಲೇ ಉಳೀತಿದೆ, ಮನೇಲೂ ಅಷ್ಟೆ. ಗಾಜಿನಾಚೆ ಹೆಬ್ಬೆಟ್ಟು ಕೂತಿದ್ದಾನೆ, ಹೆಸರೇನೋ ಬೇರೆ ಇದೆ, ಎರಡೆರಡು ಡಿಗ್ರಿ ಮಾಡಿದ ಎಂಜಿನಿಯರು, ಆದರೆ ಗಾಜಿನಾಚೆಯಿಂದ ಮಾತು ಕೇಳಿಸಲ್ಲ ಅಂತ ಸದಾ ಹೆಬ್ಬೆಟ್ಟಲ್ಲೇ ವ್ಯವಹಾರ, ಮೇಲೆತ್ತಿದರೆ ಶುರು ಮಾಡು, ಕೆಳಗಿಳಿಸಿದರೆ ದನಿ ಇಳಿಸು, ಅಡ್ಡ ಹಿಡಿದರೆ ಸಾಹೇಬರು ಬರ್ತಿದ್ದಾರೆ, ಕ್ಯಾಂಟೀನಿನಲ್ಲಿ ಎದುರೆದುರು ಕೂತಾಗಲೂ ಟೀ ಬೇಕೇನೋ ಅಂದರೆ ಹೆಬ್ಬೆಟ್ಟನ್ನೇ ಎತ್ತೋದು, ಅವನಿಗೆ ಮದುವೆ ಆಗಿಲ್ಲ, ಆದಮೇಲೆ ಸುಖವಾಗಿರ್ತಾನೆ, ಮಾತೇ ಇಲ್ಲದಿದ್ದರೆ ಜಗಳ ಎಲ್ಲಿಂದ ಬರುತ್ತೆ — ಅಲ್ಲ, ಅದೂ ತಪ್ಪು, ನಮ್ಮ ಗಂಡ ಹೆಂಡಿರಲ್ಲಿ ಮಾತೇ ಇಲ್ಲ, ಜಗಳ ಮಾತ್ರ ಹಾಗೇ ಇದೆ, ಮುಚ್ಚಿಟ್ಟ ಪಾತ್ರೆಯಲ್ಲಿ ಹಾಲು ಇದ್ದ ಹಾಗೆ, ಒಡೆದಿದೆಯೋ ಏನೋ, ತೆರೆದು ನೋಡೋ ಧೈರ್ಯ ಇಬ್ಬರಿಗೂ ಇಲ್ಲ.

ನನ್ನನ್ನ ಗಿಳಿ ಅಂದರು. ನಾದಿನಿಯ ಮಗಳ ಹುಟ್ಟುಹಬ್ಬದಲ್ಲಿ, ನೆಂಟರಿಷ್ಟರೆಲ್ಲ ತಟ್ಟೆ ಹಿಡಿದು ನಿಂತಿದ್ದಾಗ, ಯಾರೋ ಒಬ್ಬ ನೆಂಟರ ಹುಡುಗ ನನ್ನ ಕಡೆ ತಿರುಗಿ, ಅಕ್ಕ, ನಿಮ್ಮ ದನಿ ಕೇಳಿದರೆ ಮಳೆ ಬರೋದೇ ಬೇಡ, ಕಿವಿ ನೆಂದು ಹೋಗುತ್ತೆ ಅಂದ, ಹೊಗಳಿಕೇನೇ ಇರಬೇಕು, ನಾನು ನಾಚಿಕೊಂಡು ಕೇಕಿನ ಮೇಲಿನ ಚೆರ್ರಿ ನೋಡ್ತಾ ನಿಂತಿದ್ದೆ, ಅಷ್ಟರಲ್ಲಿ ಇವರು, ನನ್ನ ಗಂಡ, ಹವಾಮಾನ ಇಲಾಖೆಯ ದಕ್ಷಿಣ ತುದಿಯ ವೀಕ್ಷಣಾಲಯದ ಮುಖ್ಯಸ್ಥರು, ಬಾಯಲ್ಲಿ ಕೇಕು ಇಟ್ಟುಕೊಂಡೇ, ಅವಳದೇನಿದೆ ಬಿಡಪ್ಪ, ನಾನು ಬರೆದದ್ದನ್ನ ಓದ್ತಾಳೆ, ಒಂದು ಗಿಳಿ ತಂದು ಕೂರಿಸಿದರೆ ಅದೂ ಓದುತ್ತೆ ಅಂದರು, ತಮಾಷೆಗೇ ಅಂದಿರಬಹುದು, ಎಲ್ಲರೂ ನಕ್ಕರು, ನಾದಿನಿ ಎಲ್ಲರಿಗಿಂತ ಎರಡು ಕ್ಷಣ ಜಾಸ್ತಿ ನಕ್ಕಳು, ನಾನೂ ನಕ್ಕೆ, ನಗ್ತಾ ನಗ್ತಾನೇ ಅಂದೆ, ಹೌದು, ಇವರು ಬರೆದದ್ದನ್ನೇ ಓದೋದು, ಒಣಹವೆ ಅಂತ ಇವರು ಬರೆದ ದಿನವೇ ಅಲ್ವಾ ನಮ್ಮ ಮನೆ ಹಾಸಿಗೆ ದಿಂಬೆಲ್ಲ ತಾರಸಿ ಮೇಲೆ ತೊಯ್ದು ತೊಪ್ಪೆಯಾಗಿದ್ದು, ಜನ ನಂಬೋದು ನನ್ನ ದನೀನ, ಇವರ ಮಳೇನ ಅಲ್ಲ. ಅದಕ್ಕೂ ಎಲ್ಲರೂ ನಕ್ಕರು. ಇನ್ನೂ ಜೋರಾಗಿ. ಇವರು ಮಾತ್ರ ತಟ್ಟೆಯನ್ನು ಕುರ್ಚಿ ಮೇಲಿಟ್ಟು ಕೈ ತೊಳೆಯೋಕೆ ಹೋದರು, ಹೋದವರು ಬರಲೇ ಇಲ್ಲ, ಆಮೇಲೆ ನೋಡಿದರೆ ಕಾರಲ್ಲಿ ಕೂತು ಮುಖ ಊದಿಸಿಕೊಂಡು ವೈಪರ್ ಆಡಿಸ್ತಿದ್ದರು, ಆಚೆ ಸುಡುಬಿಸಿಲು, ಒಂದು ಹನಿ ಇಲ್ಲ, ಇವರ ವೈಪರ್ ಕಿರ್ ಕಿರ್ ಅಂತ ಒಣ ಗಾಜನ್ನು ಉಜ್ಜುತ್ತಾ ಇದೆ, ನಾನು ಪಕ್ಕದಲ್ಲಿ ಕೂತೆ, ಅತ್ತೆ ಹಿಂದೆ ಕೂತರು, ಮನೆ ತನಕ ವೈಪರ್ ಒಂದೇ ಮಾತಾಡಿದ್ದು.

ಆವತ್ತಿನಿಂದ ಟೂ. ಅರವತ್ತಕ್ಕೆ ಹತ್ತಿರವಾದ ಗಂಡ, ತಲೆಗೆ ಬಣ್ಣ ಹಾಕೋದು ಬಿಟ್ಟ ಹೆಂಡತಿ, ಶಾಲೆಮಕ್ಕಳ ಹಾಗೆ ಟೂ ಬಿಟ್ಟು ಕೂತಿದ್ದೀವಿ, ನಡುವೆ ಅತ್ತೆ ರಾಯಭಾರಿ, ಅವರಿಗೆ ಕಿವಿ ಮಂದ, ಅದೇ ದೊಡ್ಡ ಫಜೀತಿ, ಮೊನ್ನೆ ಬೆಳಗ್ಗೆ ಮೋಡ ಕಟ್ಟಿತ್ತು, ಎಷ್ಟಾದರೂ ಮನಸ್ಸು ಕೇಳಲ್ಲವಲ್ಲ, ಅತ್ತೆ, ಅವರಿಗೆ ಕೊಡೆ ತಗೊಂಡು ಹೋಗೋಕೆ ಹೇಳಿ ಅಂದೆ, ಅತ್ತೆ ಹಜಾರಕ್ಕೆ ಹೋಗಿ ಗಂಟಲೆತ್ತಿ, ಕೊಡ ತಗೊಂಡು ಹೋಗಬೇಕಂತೆ ಕಣೋ, ಕೊಡ ಯಾಕಮ್ಮ ಆಫೀಸಿಗೆ, ನನಗೇನು ಗೊತ್ತೋ, ನೀರು ಬರೋ ದಿನ ಇರಬೇಕು, ಹಿತ್ತಾಳೇದೋ ಪ್ಲಾಸ್ಟಿಕ್ಕಿಂದೋ ಕೇಳು ಅಂದರು ಇವರು, ಅತ್ತೆ ವಾಪಸ್ ಒಳಗೆ ಬಂದು, ಹಿತ್ತಾಳೇದಾ ಪ್ಲಾಸ್ಟಿಕ್ಕಿಂದಾ ಅಂತ ಕೇಳ್ತಿದ್ದಾನಮ್ಮ, ನಾನು ಒಗ್ಗರಣೆ ಸೌಟು ಹಿಡಿದುಕೊಂಡೇ ನಕ್ಕುಬಿಟ್ಟೆ, ಹಜಾರದಲ್ಲಿ ಅವರೂ ನಕ್ಕ ಹಾಗೆ ಕೇಳಿಸ್ತು, ಅಥವಾ ಕೆಮ್ಮಿದರೋ, ನಗುವೇ ಅಂದುಕೊಂಡು ಬಾಗಿಲ ತನಕ ಹೋದೆ, ಗಂಟುಮುಖ ಹಾಕಿಕೊಂಡು ಬೂಟಿನ ದಾರ ಕಟ್ತಿದ್ದರು, ನಾನೂ ನನ್ನ ಮುಖವನ್ನು ಗಂಟು ಹಾಕಿಕೊಂಡು ವಾಪಸ್ ಬಂದೆ. ಕೆಮ್ಮೇ ಇರಬೇಕು. ಆಮೇಲೆ ಅವರು ಮನೆಗೆ ಬಂದರೂ ಒಂದೇ ಬರದಿದ್ದರೂ ಒಂದೇ, ಬಂದ ಕೂಡಲೇ ಕಂಪ್ಯೂಟರ್ ಮುಂದೆ, ಅದರಲ್ಲಿ ಆ ಚಂಡಮಾರುತದ ಚಿತ್ರ, ಉಪಗ್ರಹ ಕಳಿಸಿದ್ದಂತೆ, ನೀಲಿ ಸಮುದ್ರದ ಮೇಲೆ ಬಿಳೀ ಸುರುಳಿ, ನಡುವೆ ಒಂದೇ ಒಂದು ಕಪ್ಪು ಕಣ್ಣು, ಹೆಣ್ಣಿನ ಹೆಸರು ಬೇರೆ ಇಟ್ಟಿದ್ದಾರೆ ಅದಕ್ಕೆ ಯಾವುದೋ ಪಟ್ಟಿಯಿಂದ ತೆಗೆದು, ಇವರೋ ಗಂಟೆಗಟ್ಟಲೆ ಗಲ್ಲಕ್ಕೆ ಕೈ ಕೊಟ್ಟುಕೊಂಡು ಅವಳನ್ನೇ ನೋಡ್ತಾ, ಫೋನಿನಲ್ಲಿ ಯಾರಿಗೋ, ಅವಳು ತಿರುಗ್ತಾಳೆ ರೀ, ನೋಡ್ತಾ ಇರಿ, ಅವಳ ಸ್ವಭಾವ ನನಗೆ ಗೊತ್ತು, ಎಷ್ಟು ಮೃದುವಾಗಿ ಹೇಳ್ತಿದ್ದರು, ನನಗೆ ಕೈಯಲ್ಲಿದ್ದ ನೀರಿನ ಲೋಟ ಕಂಪ್ಯೂಟರ್ ಮೇಲೆ ಸುರಿದುಬಿಡೋಣ ಅನ್ನಿಸ್ತು, ಇಷ್ಟು ವರ್ಷ ಸಂಸಾರ ಮಾಡಿ ನನ್ನ ಸ್ವಭಾವ ಗೊತ್ತಾಗಲಿಲ್ಲ, ನಿನ್ನೆ ಮೊನ್ನೆ ಹುಟ್ಟಿದ ಈ ಒಕ್ಕಣ್ಣಿ ಸವತಿಯ ಸ್ವಭಾವ ಗೊತ್ತಾಯ್ತಂತೆ.

ಫೋನು. ಕೆಂಪು ಫೋನು, ಸ್ಟುಡಿಯೋ ಬಾಗಿಲಾಚೆ ಮೇಜಿನ ಮೇಲೆ, ವೀಕ್ಷಣಾಲಯದಿಂದ ನೇರ ಇಲ್ಲಿಗೆ ಎಳೆದ ತಂತಿ, ಇದೊಂದರಲ್ಲಿ ಅವರು ನನ್ನ ಹತ್ತಿರ ಮಾತಾಡಲೇಬೇಕು, ಸರ್ಕಾರಿ ನಿಯಮ, ಹವಾಮಾನ ಪ್ರಕಟಣೆಯನ್ನು ಅಧಿಕಾರಿ ಖುದ್ದಾಗಿ ಹೇಳಿ ಬರೆಸಬೇಕು, ಓದುವವರು ಖುದ್ದಾಗಿ ಬರೆದುಕೊಳ್ಳಬೇಕು, ನಿಯಮ ಮಾಡಿದವನಿಗೆ ಮದುವೆ ಆಗಿರಲಿಲ್ಲ ಅಂತ ಕಾಣುತ್ತೆ, ನಮಸ್ಕಾರ ಮೇಡಂ, ನಮಸ್ಕಾರ ಸಾರ್, ಬರ್ಕೊಳ್ತೀರಾ ಮೇಡಂ, ಹೇಳಿ ಸಾರ್, ಗಾಜಿನಾಚೆ ಹೆಬ್ಬೆಟ್ಟು ಹೆಡ್‌ಫೋನ್ ತೆಗೆದಿಟ್ಟು ಮೇಲೆ ನೋಡ್ತಾ ಕೂತ, ಅವನಿಗೆ ಗೊತ್ತು, ಇಡೀ ನಿಲಯಕ್ಕೆ ಗೊತ್ತು, ಕಾವಲುಗಾರನಿಗೂ ಗೊತ್ತು. ಆಳ ಸಮುದ್ರದಲ್ಲಿ ಉಂಟಾಗಿದ್ದ ತೀವ್ರ ವಾಯುಭಾರ ಕುಸಿತವು, ಅಲ್ಪವಿರಾಮ — ಇದೊಂದು ಚಾಳಿ ಇವರದು, ಅಲ್ಪವಿರಾಮವನ್ನೂ ಹೇಳಿ ಬರೆಸೋದು, ನಾನೇನು ಇಷ್ಟು ವರ್ಷ ಎಲ್ಲಿ ಉಸಿರು ತಗೋಬೇಕು ಅಂತ ಗೊತ್ತಿಲ್ಲದೆ ಓದ್ತಿದ್ದೀನಾ — ಚಂಡಮಾರುತವಾಗಿ ಮಾರ್ಪಟ್ಟು, ಅಲ್ಪವಿರಾಮ, ಉತ್ತರದ ದಿಕ್ಕನ್ನು ಬಿಟ್ಟು, ನಾನು ತಲೆ ಎತ್ತಿದೆ, ಬಿಟ್ಟು ಅಂದಿರಾ ಸಾರ್, ಬಿಟ್ಟು ಮೇಡಂ, ಬೆಳಗ್ಗೆ ತನಕ ಉತ್ತರಕ್ಕೆ ಅಂದಿದ್ದಿರಲ್ಲ ಸಾರ್, ಬೆಳಗ್ಗೆ ತನಕ ಉತ್ತರಕ್ಕೇ ಇತ್ತು ಮೇಡಂ, ಬರ್ಕೊಳ್ಳಿ, ಪೂರ್ವಕ್ಕೆ ತಿರುಗಿ, ಇಂದು ಸಂಜೆ ಕತ್ತಲಾಗುವುದರೊಳಗೆ, ನದಿ ಸಮುದ್ರ ಸೇರುವ ಅಳಿವೆಗೂ ದೀಪಸ್ತಂಭದ ದಿಣ್ಣೆಗೂ ನಡುವೆ ಭೂಸ್ಪರ್ಶ ಮಾಡುವ ಸಂಭವವಿದೆ, ಪೂರ್ಣವಿರಾಮ. ಪೂರ್ಣವಿರಾಮ ಹಾಕೋಕೆ ನನ್ನ ಕೈ ಏಳಲಿಲ್ಲ. ದೀಪಸ್ತಂಭದ ದಿಣ್ಣೆ ಅಂದರೆ ಇವರು ಕೂತಿರೋ ದಿಣ್ಣೆ. ಮೂರು ಕಡೆ ಸಮುದ್ರ, ಒಂದು ಕಡೆ ಕಲ್ಲಿನ ಕಿರುದಾರಿ, ಉಬ್ಬರ ಜಾಸ್ತಿಯಾದರೆ ಆ ದಾರಿಯೂ ನೀರಡಿ, ಅಲ್ಲಿ ಒಂದು ತಗಡಿನ ಚಾವಣಿ, ಅದರ ಕೆಳಗೆ ಇವರು, ಇವರ ಮಾಪಕಗಳು, ಒಂದು ಬೆತ್ತದ ಕುರ್ಚಿ, ಗೋಡೆಗೆ ನನ್ನದೊಂದು ಹಳೇ ಫೋಟೋ ಇತ್ತು, ಈ ವಾರ ಇದೆಯೋ ತೆಗೆದು ಒಳಗಿಟ್ಟರೋ. ಸಾರ್, ಅಂದೆ, ಆ ದಿಣ್ಣೆ ಮೇಲಿರೋ ಕಚೇರಿ ಖಾಲಿ ಮಾಡಿದ್ದಾರಾ, ಆಚೆಯಿಂದ ಗಾಳಿಯ ಸಿಳ್ಳೆ, ತಗಡು ದಡಬಡ, ಆಮೇಲೆ ಇವರ ಗಂಟಲು ಸರಿಮಾಡಿಕೊಳ್ಳೋ ಸದ್ದು, ಅದು ಪ್ರಕಟಣೆಯ ಭಾಗ ಅಲ್ಲ ಮೇಡಂ. ಕೇಳ್ತಿದ್ದೀನಿ ಸಾರ್. ಸಿಬ್ಬಂದಿಯನ್ನ ಕಳಿಸಿಯಾಗಿದೆ ಮೇಡಂ, ಒಬ್ಬರು ಇದ್ದಾರೆ, ಕೊನೇ ಮಾಪನ ತಗೊಳ್ಳೋಕೆ ಒಬ್ಬರು ಇರಲೇಬೇಕು. ಯಾರು ಸಾರ್ ಆ ಒಬ್ಬರು ಅಂತ ಕೇಳಲಿಲ್ಲ, ಕೇಳೋದೇನಿದೆ, ಕತ್ತೆ, ಹಟಮಾರಿ ಕತ್ತೆ — ಬರ್ಕೊಳ್ಳಿ ಮೇಡಂ, ಟೈಮಿಲ್ಲ, ಕರಾವಳಿಯ ತಗ್ಗು ಪ್ರದೇಶದ ನಿವಾಸಿಗಳು, ಅಲ್ಪವಿರಾಮ, ಕೂಡಲೇ ತಮ್ಮ ತಮ್ಮ ಮನೆಗಳನ್ನು

ಅಷ್ಟೆ. ಸತ್ತುಹೋಯ್ತು ಫೋನು. ಹಲೋ ಅಂದೆ, ಹಲೋ ಸಾರ್ ಅಂದೆ, ಆಮೇಲೆ ಬೇರೆ ಏನೋ ಅಂದೆ, ಹೆಬ್ಬೆಟ್ಟು ತಟ್ಟನೆ ಮುಖ ತಿರುಗಿಸಿಕೊಂಡ. ಸಾಹೇಬರು ಓಡಿ ಬಂದು ಕಾಗದ ಕಿತ್ತುಕೊಂಡು ಕನ್ನಡಕ ಏರಿಸಿ ಓದಿದರು, ಕೂಡಲೇ ತಮ್ಮ ತಮ್ಮ ಮನೆಗಳನ್ನು — ಮನೆಗಳನ್ನು ಏನು, ಮುಂದೆ ಎಲ್ಲಮ್ಮ, ಮುಂದೆ ಇಲ್ಲ ಸಾರ್, ಲೈನ್ ಹೋಯ್ತು, ಕ್ರಿಯಾಪದ ಇಲ್ಲದೆ ಹೇಗಮ್ಮ, ಮನೆಗಳನ್ನು ಏನು ಮಾಡಬೇಕು ಜನ, ಬಿಡಬೇಕಾ, ಭದ್ರಪಡಿಸಿಕೊಳ್ಳಬೇಕಾ, ಬೀಗ ಹಾಕಿಕೊಂಡು ಒಳಗೇ ಇರಬೇಕಾ, ಬಿಡಬೇಕು ಸಾರ್, ಗೊತ್ತಾಗ್ತಿದೆಯಲ್ಲ, ನಿನಗೆ ಗೊತ್ತಾದರೆ ಆಯ್ತೇನಮ್ಮ, ಅವರು ಹೇಳಬೇಕಲ್ಲ, ನಾಳೆ ಮೇಲಿನವರು ಕೇಳಿದರೆ ಏನು ಹೇಳಲಿ, ವಾಕ್ಯ ಅವರ ಇಲಾಖೆಯದು, ಕ್ರಿಯಾಪದ ನಮ್ಮದು ಅಂತಲಾ, ಮೇಜಿನ ಸುತ್ತ ಒಂದು ಸುತ್ತು ಬಂದರು, ಎರಡನೇ ಸುತ್ತಿಗೆ ಹೊಸ ಯೋಚನೆ, ಕ್ರಮ ಕೈಗೊಳ್ಳಿ ಅಂದರೆ ಹೇಗೆ, ಕೂಡಲೇ ತಮ್ಮ ತಮ್ಮ ಮನೆಗಳನ್ನು ಕುರಿತು ಸೂಕ್ತ ಕ್ರಮ ಕೈಗೊಳ್ಳಿ, ಅದು ಎಲ್ಲದಕ್ಕೂ ಹೊಂದುತ್ತೆ, ಯಾರೂ ತಪ್ಪು ಹುಡುಕೋಕೆ ಆಗಲ್ಲ, ಸಾರ್, ಅಳಿವೆ ಕಡೆ ಮೀನು ಒಣಗಿಸೋ ಹೆಂಗಸರು ಈಗ ರೇಡಿಯೋ ಮುಂದೆ ಕೂತಿರ್ತಾರೆ, ಅವರು ಸೂಕ್ತ ಕ್ರಮ ಅಂದರೆ ಏನು ಮಾಡ್ತಾರೆ, ಮೀನನ್ನ ಒಳಗಿಟ್ಟು ಬಾಗಿಲು ಹಾಕ್ಕೊಳ್ತಾರೆ, ಸಾಹೇಬರ ಕೈಯಿಂದ ಕಾಗದ ವಾಪಸ್ ತಗೊಂಡೆ, ಕಿತ್ತುಕೊಂಡೆ ಅಂದರೂ ತಪ್ಪಿಲ್ಲ, ಅವರು ಬಾಯಿ ತೆರೆಯೋದರೊಳಗೆ ಸ್ಟುಡಿಯೋಗೆ ಬಂದು ದಪ್ಪ ಬಾಗಿಲು ಎಳೆದುಕೊಂಡೆ, ಕೂತೆ, ಬೆಳ್ಳುಳ್ಳಿ, ಹೆಬ್ಬೆಟ್ಟು ಒಂದು ಸಲ ಸಾಹೇಬರನ್ನ ನೋಡಿದ, ಒಂದು ಸಲ ನನ್ನ ನೋಡಿದ, ಹೆಬ್ಬೆಟ್ಟು ಮೇಲೆ, ಕೆಂಪು ದೀಪ ಹತ್ತಿತು.

ಕೇಳುಗರೇ, ನಮಸ್ಕಾರ, ಹವಾಮಾನ ಇಲಾಖೆಯ ವಿಶೇಷ ಪ್ರಕಟಣೆ — ಶುರುವಿನಲ್ಲಿ ದನಿ ನನ್ನದೇ ಇತ್ತು, ದಿನದ ದನಿ, ಇಸ್ತ್ರಿ ಹಾಕಿದ ದನಿ, ತೀವ್ರ ವಾಯುಭಾರ ಕುಸಿತವು ಅಲ್ಪವಿರಾಮ, ಅಯ್ಯೋ, ಅಲ್ಪವಿರಾಮ ಅಂತಲೂ ಓದಿಬಿಟ್ಟೆನಾ, ಓದಿದೆ, ಹೆಬ್ಬೆಟ್ಟು ಕಣ್ಣು ಮುಚ್ಚಿಕೊಂಡ, ಇರಲಿ, ಮುಂದೆ ಹೋದೆ, ತಿರುಗಿ, ಕತ್ತಲಾಗುವುದರೊಳಗೆ, ಅಳಿವೆಗೂ ದಿಣ್ಣೆಗೂ ನಡುವೆ, ನಿವಾಸಿಗಳು ಕೂಡಲೇ ತಮ್ಮ ತಮ್ಮ ಮನೆಗಳನ್ನು — ಇಲ್ಲಿಗೆ ಕಾಗದ ಮುಗೀತು, ಬಿಳೀ ಜಾಗ, ಮೈಕಿನ ಮುಂದೆ ಇಷ್ಟು ವರ್ಷದಲ್ಲಿ ನಾನು ಬಿಳೀ ಜಾಗ ಓದಿದ್ದೇ ಇಲ್ಲ, ಬಿಟ್ಟು ಹೊರಡಿ, ಅಂದೆ. ಬಿಟ್ಟು ಹೊರಡಿ, ಈಗಲೇ, ಒಲೆ ಆರಿಸಿ, ಹಟ್ಟಿಯಲ್ಲಿರೋ ಹಸುವಿನ ಹಗ್ಗ ಬಿಚ್ಚಿ, ಮಕ್ಕಳನ್ನ ವಯಸ್ಸಾದವರನ್ನ ಕರ್ಕೊಂಡು ಎತ್ತರದ ಶಾಲೆಗೆ ಹೋಗಿ, ಸಿನಿಮಾ ಮಂದಿರದ ಬಾಗಿಲು ತೆರೆಸಿದ್ದಾರೆ, ತೆರೆಸಿಲ್ಲದಿದ್ದರೆ ಒಡೆದು ಒಳಗೆ ಹೋಗಿ, ಬೀರು ಹೊತ್ತುಕೊಂಡು ಬರೋಕೆ ಹೋಗಬೇಡಿ, ದೋಣಿ ಕಟ್ಟೋಕೆ ವಾಪಸ್ ಹೋಗಬೇಡಿ, ದೋಣಿ ಇನ್ನೊಂದು ಮಾಡಿಸಬಹುದು, ಬಾಗಿಲಿನ ಗುಂಡು ಗಾಜಿನಲ್ಲಿ ಸಾಹೇಬರ ಮುಖ, ಎರಡು ಕೈಯಲ್ಲೂ ತಲೆ ಹಿಡಿದುಕೊಂಡಿದ್ದಾರೆ, ನಾನು ಆ ಕಡೆ ನೋಡದೆ, ಇನ್ನು ದೀಪಸ್ತಂಭದ ದಿಣ್ಣೆ ಮೇಲೆ ಯಾರಾದರೂ ಇದ್ದರೆ, ಅವರು ಯಾರೇ ಆಗಿರಲಿ, ಎಷ್ಟೇ ಓದಿದವರಾಗಿರಲಿ, ಎಂಥ ದೊಡ್ಡ ಅಧಿಕಾರಿಯೇ ಆಗಿರಲಿ, ಗಾಳಿ ಎಷ್ಟು ಜೋರಾಗಿ ಬೀಸ್ತು ಅಂತ ಆಮೇಲೆ ಬಿದ್ದ ಮರ ನೋಡಿ ಲೆಕ್ಕ ಹಾಕಬಹುದು, ಉಬ್ಬರ ಏರೋದಕ್ಕೆ ಮುಂಚೆ ಆ ಕಲ್ಲುದಾರಿ ದಾಟಿ ಇಳಿದು ಬರಬೇಕು, ಇದು ಮನವಿ ಅಲ್ಲ, ಕುರ್ಚಿ ಬಿಟ್ಟು ಏಳಬೇಕು, ಬಂದುಬಿಡಿ ರೀ.

ರೀ. ಇಡೀ ಕರಾವಳಿಗೆ. ಅಳಿವೆಯ ಹೆಂಗಸರು, ಬಂದರಿನ ಹಮಾಲರು, ಬಸ್ಸಿನ ಡ್ರೈವರುಗಳು, ಹಡಗಿನ ಕ್ಯಾಪ್ಟನ್ನುಗಳು, ಎಲ್ಲರಿಗೂ ಒಟ್ಟಿಗೆ ರೀ ಅಂದೆ, ಹೆಬ್ಬೆಟ್ಟಿನ ಹೆಬ್ಬೆಟ್ಟು ಗಾಳಿಯಲ್ಲೇ ನಿಂತುಬಿಟ್ಟಿತು, ಮೇಲೂ ಇಲ್ಲ ಕೆಳಗೂ ಇಲ್ಲ, ಕೆಂಪು ದೀಪ ಆರಿತು, ಸಾಹೇಬರು ಬಾಗಿಲು ತಳ್ಳಿಕೊಂಡು ಒಳಗೆ ಬಂದರು, ರೀ ಅಂದೆಯಲ್ಲಮ್ಮ, ಸರ್ಕಾರಿ ಪ್ರಕಟಣೆಯಲ್ಲಿ ರೀ ಅಂದೆಯಲ್ಲ, ಬಾಯಿ ತಪ್ಪಿ ಬಂತು ಸಾರ್, ಹಸುವಿನ ಹಗ್ಗ ಬಿಚ್ಚಿ ಅಂದದ್ದೂ ಬಾಯಿ ತಪ್ಪಿಯಾ, ಅದು ಬೇಕಂತಲೇ ಸಾರ್, ಸಿನಿಮಾ ಮಂದಿರ ತೆರೆಸಿದ್ದಾರೆ ಅಂತ ನಿನಗೆ ಹೇಳಿದ್ದು ಯಾರು, ಯಾರೂ ಇಲ್ಲ ಸಾರ್, ಈಗ ನೀವು ಫೋನ್ ಮಾಡಿ ತೆರೆಸ್ತೀರಿ, ಸಾಹೇಬರು ನನ್ನನ್ನ ನೋಡಿದರು, ಕುಳ್ಳಗಿನ ಮನುಷ್ಯ, ಸದಾ ಬೆವರೋ ಮನುಷ್ಯ, ಏನು ಬೈತಾರೋ ಅಂತ ಕಾಯ್ತಿದ್ದೆ, ಅವರು ಕರ್ಚೀಫಿನಲ್ಲಿ ಕುತ್ತಿಗೆ ಒರೆಸಿಕೊಂಡು, ಆ ಮಂದಿರದ ಮಾಲೀಕ ನನ್ನ ಷಡ್ಡಕ, ಅಂದರು, ಅಂದು ಫೋನಿನ ಕಡೆ ಓಡಿದರು. ಆಮೇಲಿನದ್ದು ನನಗೆ ಒಂದರ ಮೇಲೊಂದು ಬಿದ್ದ ಹಾಗೆ ನೆನಪು, ಫೋನಿನ ಮೇಲೆ ಫೋನು, ಶಾಲೆಯಿಂದ ಹೆಡ್‌ಮಾಸ್ತರು, ಬಂದಿದ್ದಾರಮ್ಮ ನಿಮ್ಮ ಜನ, ಹಸುಗಳೂ ಬಂದಿವೆ, ಏಳನೇ ಕ್ಲಾಸಿನಲ್ಲಿ ಕಟ್ಟಿದ್ದೀವಿ, ಸಿನಿಮಾ ಮಂದಿರದಿಂದ ಷಡ್ಡಕ, ಎಲ್ಲರೂ ಕೂತಿದ್ದಾರೆ, ಸುಮ್ಮನೆ ಕೂರಲ್ಲ, ಸಿನಿಮಾ ಹಾಕು ಅಂತಿದ್ದಾರೆ, ಏನು ಮಾಡಲಿ, ಹಾಕಿ ಸಾರ್, ಮತ್ತೆ ಒಬ್ಬಳು ಅಳಿವೆಯವಳು, ಅಕ್ಕಾ, ನಾವೆಲ್ಲ ಲಾರಿ ಹತ್ತಿದ್ವಿ, ನಿಮ್ಮ ಯಜಮಾನರು ಬಂದರಾ, ನಾನು ಯಾವ ಯಜಮಾನರಮ್ಮ ಅಂತ ಕೇಳೋಕೆ ಹೋಗಿ ಬಿಟ್ಟೆ, ಇನ್ನೂ ಇಲ್ಲಮ್ಮ ಅಂದೆ, ಬರ್ತಾರೆ ಬಿಡಿ ಅಕ್ಕಾ, ಅಷ್ಟು ಜೋರಾಗಿ ಕರೆದಿದ್ದೀರಿ, ಸತ್ತವರೂ ಎದ್ದು ಬರ್ತಾರೆ, ಅಯ್ಯೋ ಬಿಡ್ತು ಅನ್ನು ಅಂದೆ, ಬಿಡ್ತು ಬಿಡ್ತು ಅಂದಳು.

ಅತ್ತೆಯ ಫೋನು ಬಂದಾಗ ಕರೆಂಟು ಹೋಗಿ ಜನರೇಟರು ಗುಡುಗ್ತಿತ್ತು, ಕಿಟಕಿಯಾಚೆ ಮಧ್ಯಾಹ್ನವೇ ಬೂದಿಬಣ್ಣ, ಎದುರಿನ ಬ್ಯಾಂಕಿನ ಬೋರ್ಡು ಒಂದೇ ಮೊಳೆಯಲ್ಲಿ ನೇತಾಡ್ತಾ ಇಡೀ ರಸ್ತೆಗೆ ಬೇಡ ಬೇಡ ಅಂತ ತಲೆ ಅಲ್ಲಾಡಿಸ್ತಿತ್ತು, ಏನಮ್ಮಾ, ಮನೆ ಬಿಟ್ಟು ಹೊರಡಿ ಅಂತ ರೇಡಿಯೋದಲ್ಲಿ ಹೇಳ್ದೆಯಲ್ಲ, ನಾನೂ ಹೊರಡಬೇಕಾ, ಬ್ಯಾಗ್ ತುಂಬಿಕೊಂಡಿದ್ದೀನಿ, ಬೇಡ ಅತ್ತೆ, ಅಂತ ಕೂಗಿ ಹೇಳಿದೆ, ನಮ್ಮ ಮನೆ ಗುಡ್ಡದ ಮೇಲಿದೆ, ನಿಮಗಲ್ಲ ಹೇಳಿದ್ದು, ಮತ್ತೆ ರೀ ಅಂದೆಯಲ್ಲ, ಅದೂ ನಿಮಗಲ್ಲ ಅತ್ತೆ, ಅವನಿಗಾ, ಹೂಂ, ಮಾತಾಡಿದೆಯಾ ಹಾಗಾದರೆ ಅವನ ಹತ್ತಿರ, ಅತ್ತೆಯ ದನಿಯಲ್ಲಿ ಎಷ್ಟು ಸಂತೋಷ ಅಂದರೆ, ಆಚೆ ಪ್ರಳಯ ಆಗ್ತಿರೋದು ಅವರಿಗೆ ಕೇಳಿಸ್ತಿಲ್ಲ ಅನ್ನೋದೇ ಒಳ್ಳೇದಾಯ್ತು, ಅವನು ಏನಂದ, ಏನೂ ಅನ್ನಲಿಲ್ಲ ಅತ್ತೆ, ಫೋನ್ ಕಟ್ಟಾಗಿದೆ, ಅವನದು ಯಾವಾಗಲೂ ಹಾಗೇ ಕಣೇ, ಚಿಕ್ಕೋನಿದ್ದಾಗಲೂ ಹಾಗೇ, ಏನಾದರೂ ಹೇಳಬೇಕು ಅಂದರೆ ಬಾಗಿಲ ಹಿಂದೆ ನಿಂತುಕೊಂಡು ಹೇಳ್ತಿದ್ದ, ಎಲ್ಲಿದ್ದಾನೆ ಈಗ, ಆಫೀಸಿನಲ್ಲಿ ಅತ್ತೆ, ಊಟ ಮಾಡಿದ್ದಾನಂತಾ, ಮಾಡಿದ್ದಾರಂತೆ, ಅಂದೆ, ಅಂದು ಫೋನಿಟ್ಟು ಗೋಡೆಗೆ ಒರಗಿ ನಿಂತೆ, ಗೋಡೆ ನಡುಗ್ತಿತ್ತು. ಮತ್ತೆ ಒಳಗೆ ಹೋಗಿ ಓದಿದೆ, ಹೊರಗೆ ಬಂದೆ, ಮತ್ತೆ ಹೋಗಿ ಓದಿದೆ, ಒಂದೊಂದು ಸಲವೂ ದೀಪಸ್ತಂಭದ ದಿಣ್ಣೆ ಅನ್ನೋ ಮಾತು ಬಂದಾಗ ನಾಲಿಗೆ ಎಡವುತ್ತೆ, ಹೆಬ್ಬೆಟ್ಟು ನಡುನಡುವೆ ಕೆಂಪು ಫೋನು ಎತ್ತಿ ಕಿವಿಗಿಟ್ಟು ನನ್ನ ಕಡೆ ನೋಡಿ ತಲೆ ಅಲ್ಲಾಡಿಸ್ತಾನೆ, ಹೆಬ್ಬೆಟ್ಟು ಕೆಳಗೂ ಮಾಡಲ್ಲ, ಪಾಪ, ಅದನ್ನು ಕೆಳಗೆ ಮಾಡೋಕೆ ಅವನಿಗೆ ಮನಸ್ಸು ಬರ್ತಿಲ್ಲ. ಗಾಳಿಯ ಸದ್ದು ಸಿಳ್ಳೆಯಿಂದ ಗೂಳಿಯಾಯ್ತು, ಗೂಳಿಯಿಂದ ರೈಲಾಯ್ತು, ಆಮೇಲೆ ಅದಕ್ಕೆ ಹೋಲಿಸೋಕೆ ನನಗೆ ಏನೂ ಸಿಗಲಿಲ್ಲ, ಒಕ್ಕಣ್ಣಿ ಊರೊಳಗೆ ಬಂದಳು, ತಾರಸಿಯ ನೀರಿನ ಟ್ಯಾಂಕನ್ನು ಎತ್ತಿ ರಸ್ತೆಯಲ್ಲಿ ಉರುಳಿಸಿಕೊಂಡು ಹೋದಳು, ನಿನಗೆ ಏನು ಬೇಕೋ ತಗೊಂಡು ಹೋಗೇ ತಾಯಿ, ಟ್ಯಾಂಕು ತಗೋ, ಬೋರ್ಡು ತಗೋ, ನಮ್ಮ ಮನೆ ಹಂಚು ತಗೋ, ಆ ಕಂಪ್ಯೂಟರೂ ತಗೋ, ನಿನ್ನ ಫೋಟೋ ಅದರಲ್ಲೇ ಇದೆ, ಆ ಒಬ್ಬರನ್ನ ಬಿಡು.

ಸಾಹೇಬರು ಒಂದು ಚೀಟಿ ತಂದರು, ಅಗ್ನಿಶಾಮಕ ದಳದವರ ವೈರ್‌ಲೆಸ್ಸಿನಿಂದ ಬಂದದ್ದು, ಕೊಡೋಕೆ ಬಂದವರು ಕೊಡದೆ ನಿಂತರು, ನೀನು ಓದಬೇಡಮ್ಮ, ಇದನ್ನ ನಾನೇ ಓದ್ತೀನಿ ಅಂದರು, ಸಾಹೇಬರು ಮೈಕಿನ ಮುಂದೆ ಕೂತರೆ ಅವರಿಗೆ ಬಿಕ್ಕಳಿಕೆ ಬರುತ್ತೆ, ಅದು ಎಲ್ಲರಿಗೂ ಗೊತ್ತು, ಕೊಡಿ ಸಾರ್ ಅಂದೆ. ದೀಪಸ್ತಂಭದ ದಿಣ್ಣೆಯ ಹವಾಮಾನ ಕಚೇರಿಯ ಚಾವಣಿ ಹಾರಿಹೋಗಿದೆ. ಕಲ್ಲುದಾರಿ ಮುಳುಗಿದೆ. ಕಚೇರಿಯಲ್ಲಿ ಇದ್ದವರ ಬಗ್ಗೆ ಮಾಹಿತಿ ಇಲ್ಲ. ಕ್ರಿಯಾಪದ ಎಲ್ಲದಕ್ಕೂ ಇತ್ತು ಈ ಸಲ. ನಾನು ಕೂತೆ, ಹೆಬ್ಬೆಟ್ಟು ಮೇಲೆತ್ತೋಕೆ ಒಲ್ಲ ಅಂತ ಕೂತ, ನಾನೇ ನನ್ನ ಹೆಬ್ಬೆಟ್ಟು ಎತ್ತಿ ತೋರಿಸಿದೆ, ಹಾಕೋ ದೀಪ, ಜನ ಕಾಯ್ತಿದ್ದಾರೆ, ದೀಪ ಹತ್ತಿತು, ಓದಿದೆ, ಒಂದಕ್ಷರ ಎಡವಲಿಲ್ಲ, ಚಾವಣಿ ಹಾರಿಹೋಗಿದೆ, ದಾರಿ ಮುಳುಗಿದೆ, ಮಾಹಿತಿ ಇಲ್ಲ, ಇಸ್ತ್ರಿ ಹಾಕಿದ ಹಾಗೆ, ಗಿಳಿ ಹಾಗೆ, ನೋಡಿ ಬಂದು, ಎಷ್ಟು ಚೆನ್ನಾಗಿ ಓದುತ್ತೆ ನಿಮ್ಮ ಗಿಳಿ, ನಡುವೆ ಉಸಿರು ಕೂಡ ತಗೊಳ್ಳಲ್ಲ, ಅಲ್ಪವಿರಾಮ ಹೇಳೋರು ಯಾರೂ ಇಲ್ಲವಲ್ಲ, ಎಲ್ಲಿ ನಿಲ್ಲಿಸಬೇಕು ಅಂತ ಅದಕ್ಕೆ ಗೊತ್ತಾಗ್ತಿಲ್ಲ, ಓದಿ ಮುಗಿದ ಮೇಲೆ ಕೆಂಪು ದೀಪ ಆರಿದ್ದು ಗೊತ್ತಾಗಲಿಲ್ಲ, ಹೆಬ್ಬೆಟ್ಟು ಒಳಗೆ ಬಂದು ಪಕ್ಕದಲ್ಲಿ ನಿಂತಿದ್ದ, ಟೀ ತಂದಿದ್ದ, ಅಕ್ಕ, ಕುಡೀರಿ, ಅಂದ, ಬಾಯಿಬಿಟ್ಟು, ಅವನಿಗೆ ಅಷ್ಟು ತೆಳ್ಳಗಿನ ದನಿ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಟೀಗೆ ಸಕ್ಕರೆ ಇರಲಿಲ್ಲ, ಕುಡಿದೆ, ಇನ್ನೊಂದು ಲೋಟವೂ ಕುಡಿದೆ.

ಗಾಳಿ ಇಳೀತಾ ಬಂತು, ಇಳೀತಿದೆ ಅಂತ ಮೊದಲು ನಂಬಲಿಲ್ಲ, ಕಿವಿಗೆ ಮಂಕು ಬಡಿದಿದೆ ಅಂದುಕೊಂಡೆ, ಆದರೆ ಎಲ್ಲೋ ಒಂದು ನಾಯಿ ಬೊಗಳಿದ್ದು ಕೇಳಿಸ್ತು, ನಾಯಿ ಬೊಗಳಿದ್ದು ಕೇಳಿಸ್ತು ಅಂದರೆ ಅದಕ್ಕಿಂತ ಒಳ್ಳೇ ಹವಾಮಾನ ವರದಿ ಇನ್ನೇನಿದೆ, ಸಾಹೇಬರು ಹೊಸ ಕಾಗದ ತಂದಿಟ್ಟರು, ಈ ಸಲ ಮೇಲಿನ ಕಚೇರಿಯಿಂದಲೇ ಬಂದದ್ದು, ಚಂಡಮಾರುತ ಒಳನಾಡಿನ ಕಡೆ ಸರಿದಿದೆ, ದುರ್ಬಲಗೊಳ್ತಿದೆ, ಶಾಲೆಯಲ್ಲಿ ಮಂದಿರದಲ್ಲಿ ಇದ್ದವರೆಲ್ಲ ಕ್ಷೇಮ, ಹಸುಗಳು ಕ್ಷೇಮ ಅಂತ ಸಾಹೇಬರೇ ಪೆನ್ಸಿಲಿನಲ್ಲಿ ಸೇರಿಸಿದ್ದರು, ಕ್ರಿಯಾಪದ ಸಮೇತ, ಕೆಂಪು ದೀಪ, ಕೇಳುಗರೇ ಅಂದೆ, ಓದ್ತಾ ಹೋದೆ, ಯಾರೂ ಈಗಲೇ ಮನೆಗೆ ಹೊರಡಬೇಡಿ, ಬಿದ್ದ ತಂತಿ ಮುಟ್ಟಬೇಡಿ, ಕುದಿಸಿದ ನೀರನ್ನೇ — ಬಾಗಿಲ ಗುಂಡು ಗಾಜಿನಲ್ಲಿ ಏನೋ ಹಳದಿ. ಅಗ್ನಿಶಾಮಕದವರ ಹಳದಿ ರೇನ್‌ಕೋಟು, ಅಳತೆ ದೊಡ್ಡದು, ಟೊಪ್ಪಿಗೆಯೊಳಗೆ ಮುಖ ಮುಳುಗಿಹೋಗಿದೆ, ಯಾರೋ ಚೀಟಿ ತಂದವನು, ಇವರ ಸುದ್ದಿಯ ಚೀಟಿ ತಂದವನು, ನೋಡಬೇಡ, ಓದು, ಕುದಿಸಿದ ನೀರನ್ನೇ ಕುಡಿಯಿರಿ, ಟೊಪ್ಪಿಗೆ ಹಿಂದಕ್ಕೆ ಸರಿಯಿತು, ಹಣೆಗೆ ಅಂಟಿದ ಬಿಳೀಕೂದಲು, ಕನ್ನಡಕ ಇಲ್ಲ, ಕನ್ನಡಕ ಇಲ್ಲದೆ ಅವರಿಗೆ ಮೊಳದಾಚೆ ಏನೂ ಕಾಣಲ್ಲ, ಅದಕ್ಕೇ ಮೂಗು ಗಾಜಿಗೆ ಒತ್ತಿ ಹಿಡಿದು ಒಳಗೆ ಹುಡುಕ್ತಿದ್ದಾರೆ, ಮೂಗು ಚಪ್ಪಟೆ, ಜೀವ ಇದೆ, ಮೂಗು ಚಪ್ಪಟೆಯಾಗಿದೆ ಅಂದರೆ ಜೀವ ಇದೆ, ಹಿಂದೆ ಒಬ್ಬಳು ಅಳಿವೆಯ ಹೆಂಗಸು ಕೈಬೀಸಿ, ಕಲ್ಲುದಾರಿ ದಾಟಿ ಬಂದ ಇವರನ್ನ ಲಾರಿಗೆ ಎತ್ತಿ ಹಾಕ್ಕೊಂಡು ಬಂದೆವು ಅಂತ ಕೈಯಲ್ಲೇ ತೋರಿಸ್ತಿದ್ದಾಳೆ, ಎತ್ತಿ ಹಾಕೋದನ್ನ ಮೂಟೆ ಹಾಗೆ ತೋರಿಸ್ತಿದ್ದಾಳೆ, ಮೈಕ್ ತೆರೆದಿದೆ, ಕೆಂಪು ದೀಪ, ನಾನು ಏಳೋ ಹಾಗಿಲ್ಲ, ಅಳೋ ಹಾಗಿಲ್ಲ, ಕಾಗದದಲ್ಲಿ ಇನ್ನೂ ಅರ್ಧ ಪುಟ, ಶಾಲೆಯಲ್ಲಿರೋರು ಕೇಳ್ತಿದ್ದಾರೆ, ವೈದ್ಯಕೀಯ ನೆರವು ಬೇಕಾದವರು, ಅವರ ಬಾಯಿ ಆಡಿತು. ಏನೋ ಹೇಳ್ತಿದ್ದಾರೆ. ಇಷ್ಟು ದಿನ ಆದಮೇಲೆ ಖುದ್ದಾಗಿ ನನಗೇ ಹೇಳ್ತಿದ್ದಾರೆ, ಗಾಜು ದಪ್ಪ, ಬಾಗಿಲು ದಪ್ಪ, ಒಂದಕ್ಷರ ಬರ್ತಿಲ್ಲ ಒಳಗೆ, ಮೊದಲು ತುಟಿ ಮುಚ್ಚುತ್ತೆ, ಆಮೇಲೆ ತೆರೆಯುತ್ತೆ, ಮುಚ್ಚಿ ತೆರೆದರೆ ಪ ಇರಬಹುದು, ಮ ಇರಬಹುದು, ಮಾಪನ ತಗೊಂಡೆ ಅಂತಿರಬಹುದು, ಈ ಮನುಷ್ಯ ಅದನ್ನೂ ಅಂದಾನು, ಅಥವಾ ಬ, ಬಂದೆ ಅಂತಲೋ, ಸಮೀಪದ ಆರೋಗ್ಯ ಕೇಂದ್ರವನ್ನು, ಉಸಿರಿಗೆ ಗಾಜು ಮಂಜಾಯ್ತು, ಬಾಯಿ ಕಾಣಲ್ಲ, ಹಳದಿ ತೋಳು ಬಂದು ಒರೆಸ್ತು, ಮತ್ತೆ ಬಾಯಿ, ತುಟಿ ಮುಚ್ಚುತ್ತೆ, ತೆರೆಯುತ್ತೆ, ಸಂಪರ್ಕಿಸತಕ್ಕದ್ದು, ಮಂಜು, ತೋಳು, ಒರೆಸಿದ ಗುಂಡಗಿನ ಜಾಗ, ಅದರೊಳಗೆ ಬಾಯಿ, ಮುಚ್ಚುತ್ತೆ, ತೆರೆಯುತ್ತೆ, ಮಂಜು, ತೋಳು, ಬಾಯಿ —